ಗಡಿಯಾರದ ಸೆಲ್

ಟಿವಿ ರಿಮೋಟ್ ಕೆಳಗಿಟ್ಟ ಮೇಲೂ ಮೊಬೈಲಿನ ಸ್ಕ್ರೀನಿನಲ್ಲಿ ನೇರಳೆ ಬೆಳಕು ಉಳಿದೇ ಇತ್ತು. ಕಣ್ಣಿಗೆ ಕಾಣದ ಬೆಳಕನ್ನು ಹಿಡಿಯಲೆಂದು ಗಗನಾ ಆ ಹಳೇ ಮೊಬೈಲಿನ ಕ್ಯಾಮೆರಾದೊಳಗಿನ ಫಿಲ್ಟರ್ ಗಾಜನ್ನು ಆಗಷ್ಟೇ ಕಿತ್ತಿದ್ದಳು. ಪರೀಕ್ಷಿಸಲು ಕರ್ಟನ್ ಎಳೆದು ಮುಂಬೈ ಬಳಿಯ ಖಾರಘರದ ಬಾಡಿಗೆ ರೂಮನ್ನು ಕತ್ತಲು ಮಾಡಿ ರಿಮೋಟಿನ ಬಟನ್ ಒತ್ತಿದ್ದಳು; ಅದರ ಕಾಣದ ಬೆಳಕು ಮೊಬೈಲಿನಲ್ಲಿ ನೇರಳೆಯಾಗಿ ಕಂಡಿತ್ತು.

ಬೆಳಕು ಬರುತ್ತಿದ್ದುದು ಗೋಡೆ ಗಡಿಯಾರದಿಂದ. ಹನ್ನೆರಡರ ಅಂಕಿಯ ಕೆಳಗೆ ನಾಲ್ಕು ನೇರಳೆ ಚುಕ್ಕಿ, ನಡುವೆ ಕ್ಯಾಮೆರಾ ಲೆನ್ಸಿನಂಥ ಕಪ್ಪು ತೂತು. ಬರಿಗಣ್ಣಿಗೆ ಅದು ಬರೀ ಗಡಿಯಾರ.

ಸ್ನಾನ ಮುಗಿಸಿದ ರೂಮ್‌ಮೇಟ್ ಬಚ್ಚಲಿನ ಚಿಲಕ ಸರಿಸಿದ ಸದ್ದಾಯಿತು. "ಶ್ರೀವಿದ್ಯಾ, ಹೊರಗೆ ಬರ್ಬೇಡ ಕಣೇ!"

"ಯಾಕೇ? ಬಟ್ಟೆ ಎಲ್ಲಾ ಅಲ್ಲೇ ಇದೆ, ಚಳಿ ಆಗ್ತಿದೆ."

ಗಗನಾ ಸ್ಟೂಲನ್ನು ಗಡಿಯಾರದ ಕೆಳಗೆ ಎಳೆದಳು. ಪ್ರತಿ ತಿಂಗಳೂ ಓನರ್ ಕಾಕಾ ತಾವೇ ಬಂದು ಆ ಗಡಿಯಾರದ ಸೆಲ್ ಬದಲಿಸುತ್ತಿದ್ದರು. ಸ್ಟೂಲು ಅಲುಗಾಡದಂತೆ ಹಿಡಿದು ನಿಲ್ಲುತ್ತಿದ್ದವಳು ಅವಳೇ.