ಬೆಂಚಿನ ಮೇಲೆ ಕೂತ ಮಗಳು

ಈ ಪಂದ್ಯಕ್ಕೂ ನಾಗಭೂಷಣ ಅರ್ಧ ದಿನ ರಜೆ ಹಾಕಿ ಶಾಲೆಯ ಮೈದಾನಕ್ಕೆ ಬಂದಿದ್ದ. ಮೂರನೆಯ ಸಲವೂ ಮಗಳು ಮೇದಿನಿ ಸಾಫ್ಟ್‌ಬಾಲ್ ತಂಡದ ಅಂಗಿ ತೊಟ್ಟು ಬೆಂಚಿನ ಮೇಲೆಯೇ ಕೂತಿದ್ದಳು. ಅವನು ಬಾರದ ದಿನಗಳಲ್ಲಿ ಅವಳು ಚೆಂಡನ್ನು ಕಾಂಪೌಂಡಿನಾಚೆ ಹೊಡೆದ ಸುದ್ದಿಯಷ್ಟೇ ಅವನ ಪಾಲಿಗೆ. ಆಟ ಮುಗಿದದ್ದೇ ತಡ, ಪಿ.ಟಿ. ಮೇಷ್ಟ್ರ ಎದುರು ಹೋಗಿ ನಿಂತ.

"ಏನ್ರೀ ಮೇಷ್ಟ್ರೇ, ಆ ಡುಮ್ಮಿ ಓಡ್ತಾಳೋ ಉರುಳ್ತಾಳೋ ಗೊತ್ತಾಗಲ್ಲ, ಅವಳನ್ನ ಆಡಿಸ್ತೀರಿ. ನನ್ನ ಮಗಳ ಮೇಲೆ ಏನ್ರೀ ದ್ವೇಷ?"

"ಮೆಲ್ಲಗೆ ಸಾರ್, ಮಕ್ಕಳು ಕೇಳಿಸ್ಕೊಳ್ತವೆ."

"ಕೇಳಿಸ್ಕೊಳ್ಳಲಿ! ನಾನು ಬಂದಾಗಲೇ ಅವಳನ್ನ ಕೂರಿಸ್ತೀರಲ್ಲ, ಬೇಕಂತಲೇ ತಾನೆ?"

"ಹೌದು ಸಾರ್, ಬೇಕಂತಲೇ."

"ಹಾಗಾದ್ರೆ ಅದನ್ನೇ ಬರವಣಿಗೇಲಿ ಕೊಡಿ. ಹೆಡ್‌ಮಾಸ್ಟ್ರ ಹತ್ರ ಹೋಗ್ತೀನಿ."

"ಬರವಣಿಗೇಲೇ ಇದೆ," ಎಂದ ಮೇಷ್ಟ್ರು ಹಾಜರಿ ಪುಸ್ತಕದೊಳಗಿಂದ ಹಾಳೆಯೊಂದನ್ನು ತೆಗೆದುಕೊಟ್ಟರು.

'ಅಪ್ಪ ಕೂಗಿದರೆ ನನಗೆ ಕೈ ನಡುಗುತ್ತದೆ. ಅವರು ಬಂದ ದಿನ ದಯವಿಟ್ಟು ನನ್ನನ್ನು ಆಡಿಸಬೇಡಿ ಸಾರ್' ಎಂದು ಮೇದಿನಿ ಗುಂಡಗೆ ಬರೆದಿದ್ದಳು.

ಕೆಳಗೆ, ಪೋಷಕರ ಸಹಿ ಎಂದಿದ್ದ ಕಡೆ, ಅವನ ಹೆಂಡತಿ ರುಜು ಹಾಕಿದ್ದಳು.