ಅಂಚು ಕಾಣಬಾರದು

"ಗೆರೆ ಕಾಣ್ತಿದೆ," ಎಂದಳು ಡಲ್ಸಿ.

"ಎಲ್ಲಿ?"

"ಹುಲ್ಲು ಮುಗಿದು ಕೆಂಪು ಮಣ್ಣು ಶುರುವಾಗೋ ಕಡೆ. ಚಾಕು ಹಿಡಿದು ಕೇಕ್ ಕತ್ತರಿಸಿದ ಹಾಗಿದೆ."

ಕ್ಲಾರಿ ನೊಣ ಓಡಿಸಿ, ಬೆವರು ಒರೆಸಿಕೊಂಡ. ಜೀವಮಾನವೆಲ್ಲ ರೈಲು ಹಳಿಗಳ ದುರಸ್ತಿ ಮಾಡಿ ನಿವೃತ್ತನಾದವನು. ಹೆಂಡತಿಯಿಂದ ಬೈಸಿಕೊಳ್ಳುವುದರಲ್ಲಿ ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ.

ಬಸ್ಸು ಬರುವುದು ನಾಳೆ ಬೆಳಿಗ್ಗೆ. ರೈಲು ಓಡಿಸುವ ಕಂಪ್ಯೂಟರ್ ಆಟವೊಂದರಲ್ಲಿ ಇವರ ಯರ್ರಾಬಿನ್ ನಿಲ್ದಾಣವಿದೆ. ಅದನ್ನು ಆಡುವವರ ಬಳಗ ವರ್ಷಕ್ಕೊಮ್ಮೆ ಅಡಿಲೇಡ್‌ನಿಂದ ಇಲ್ಲಿಗೆ ಬರುತ್ತದೆ. ಹೋದ ವರ್ಷ ಬಂದವರು ಆಟವನ್ನೂ ಊರನ್ನೂ ಹೋಲಿಸಿ ನೋಡಿ ಮುಖ ಸಪ್ಪಗೆ ಮಾಡಿಕೊಂಡರು. ಒಂದಕ್ಕೊಂದು ತಾಳೆಯೇ ಇಲ್ಲವೆಂದು ಗೊಣಗಿ, ಡಲ್ಸಿಯ ಚಹಾದಂಗಡಿಯ ಮೆಟ್ಟಿಲೂ ತುಳಿಯದೆ ಬಸ್ಸು ಹತ್ತಿದರು. ತಟ್ಟೆಗಟ್ಟಲೆ ಲ್ಯಾಮಿಂಗ್ಟನ್ ಕೇಕು ಹಾಗೇ ಒಣಗಿತು. ರೈಲು ನಿಲ್ಲದ ಊರಿನಲ್ಲಿ ಆ ಅಂಗಡಿಗೆ ಬಸ್ಸು ಬಂದ ದಿನವೇ ಹಬ್ಬ. ಈ ಸಲವೂ ಹಾಗಾದರೆ ಬಾಗಿಲು ಹಾಕುವುದೊಂದೇ ದಾರಿ.

"ಎರಡೂ ತಾಳೆ ಆಗ್ಬೇಕು, ಅಷ್ಟೆ," ಎಂದು ಡಲ್ಸಿ ತೀರ್ಮಾನಿಸಿದ್ದಳು.

ಆಟದಲ್ಲಿ ನೆಲ ಕಟ್ಟುವುದು ಹೇಗೆಂದು ಹೇಳಿಕೊಡುವ ವಿಡಿಯೋಗಳನ್ನೆಲ್ಲ ಗಂಡ ಹೆಂಡತಿ ಕೂತು ನೋಡಿದರು. ಒಂದೇ ಬಣ್ಣ ಬಳಿಯಬೇಡಿ. ಮಣ್ಣಿನ ಮೇಲೆ ಜಲ್ಲಿ, ಅದರ ಮೇಲೆ ಒಣಹುಲ್ಲು, ತೆಳುವಾಗಿ. ಪ್ರತಿ ಸಲವೂ ದಿಕ್ಕು ತಿರುಗಿಸಿ, ಇಲ್ಲದಿದ್ದರೆ ನೆಲ ಚಾಪೆಯಂತೆ ಕಾಣುತ್ತದೆ. ಮುಖ್ಯವಾಗಿ, ಅಂಚು ಕಾಣಬಾರದು.

"ಜಲ್ಲಿ ಜಾಸ್ತಿ ಆಯ್ತು," ಎಂದಳು ಡಲ್ಸಿ, ಪರದೆ ನೋಡುತ್ತ.

"ತಪ್ಪಾದ್ರೆ ಒಂದು ಗುಂಡಿ ಒತ್ತಿ, ಸರಿಹೋಗತ್ತೆ ಅಂತ ಆ ವಿಡಿಯೋದವನು ಅಂದಿದ್ನಲ್ಲ. ಎಲ್ಲಿದೆ ಆ ಗುಂಡಿ?"

"ನಿನ್ನ ಬಾಯಿಗೊಂದು ಇರ್ಬೇಕಿತ್ತು. ಕೆಲಸ ನೋಡು ಮಾರಾಯ."

ಕ್ಲಾರಿ ಅಂಚು ಸವರಿದ. ಸೊಂಟ ನೆಟ್ಟಗೆ ಮಾಡಿ, ಪರದೆಯತ್ತ ಬೆರಳು ತೋರಿಸಿದ. "ಈ ಎರಡು ಪೊದೆ ನೋಡು. ಒಂದೇ ಎತ್ತರ, ಒಂದೇ ಕಡೆ ವಾಲಿವೆ. ಅಚ್ಚು ಒತ್ತಿದಂಗೆ. ದೇವ್ರು ಯಾವತ್ತಾದ್ರೂ ಇಂಥಾ ಸೋಮಾರಿ ಕೆಲಸ ಮಾಡ್ತಾನಾ?"

"ಬಸ್ಸಲ್ಲಿ ಬರೋದು ದೇವ್ರಲ್ಲ. ಅವು ಹಾಗೇ ಇರ್ಬೇಕು."

ಹೊತ್ತು ಇಳಿಯುವ ಹೊತ್ತಿಗೆ ಹುಲ್ಲು ಎಲ್ಲಿ ಮುಗಿಯಿತು, ಮಣ್ಣು ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಡಲ್ಸಿ ಬಹಳ ಹೊತ್ತು ನೋಡಿದಳು. ಬೈಯಲಿಲ್ಲ. ಕ್ಲಾರಿಗೆ ಅದೇ ಬಹುಮಾನ.

ಬೆಳಿಗ್ಗೆ ಬಸ್ಸು ಬಂತು. ಬಳಗದ ಮುಂದಾಳು, ಗಡ್ಡದ ಡೆಸ್ಮಂಡ್, ಕಂಪ್ಯೂಟರ್ ತೆರೆದು ಹಿಡಿದುಕೊಂಡೇ ಕೆಳಗಿಳಿದ. ಪರದೆ ನೋಡಿದ. ಹಳಿಯ ಪಕ್ಕದ ನೆಲ ನೋಡಿದ. ಮತ್ತೆ ಪರದೆ. ಡಲ್ಸಿ ಅಂಗಡಿಯ ಬಾಗಿಲಿನಿಂದ ಇಣುಕಿದಳು.

"ಬನ್ರೋ ಇಲ್ಲಿ!" ಎಂದು ಅವನು ಕೂಗಿದ. "ಹೋದ ವರ್ಷ ನಾವು ಸರಿಯಾಗಿ ನೋಡೇ ಇಲ್ಲ ಕಣ್ರೋ. ಆಟ ಮಾಡಿದೋರು ಎಂಥಾ ಕಣ್ಣಿನೋರು ನೋಡಿ. ಆ ಜೋಡಿ ಪೊದೇನೂ ಬಿಟ್ಟಿಲ್ಲ!"

ಅರ್ಧ ಗಂಟೆಯಲ್ಲಿ ಚಹಾದಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಲ್ಸಿ ಎರಡನೇ ಸಲ ಕೆಟಲ್ ತುಂಬಿದಳು.

ಅಂಗಡಿಯ ಹಿಂದೆ ಕ್ಲಾರಿ ಕೆಂಪು ಮಣ್ಣು ಮೆತ್ತಿದ ಸಲಿಕೆ, ಜಲ್ಲಿ ಉಳಿದಿದ್ದ ಕೈಗಾಡಿ, ಎರಡನೇ ಪೊದೆಯನ್ನು ವಾಲಿಸಿ ಕಟ್ಟಿ ಮಿಕ್ಕ ಹಗ್ಗ, ಎಲ್ಲವನ್ನೂ ಟಾರ್ಪಾಲಿನಡಿ ಮುಚ್ಚಿಟ್ಟು, ಕೈ ತೊಳೆದುಕೊಂಡು ಒಳಗೆ ಬಂದ.