ಒಣಮೀನಿನ ಹೊಗೆ

ನಾನು ಚಿಕ್ಕವಳಿದ್ದಾಗ ಮನೆಯಿಡೀ ಹೊಗೆಸೊಪ್ಪಿನ ಪರಿಮಳ. ಅಮ್ಮ ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ಈಗ ಆ ವಾಸನೆಯೇ ಅಪರಾಧ. ಗಾಂಜಾ ರೇಷನ್ ಅಂಗಡಿಯಲ್ಲೇ ಸಿಗುತ್ತದೆ. ಬೀದಿಯಲ್ಲಿ ಕೆಮ್ಮುವವರಿಲ್ಲ, ಅವಸರದವರೂ ಇಲ್ಲ. ಹೊಗೆಸೊಪ್ಪಿನೊಂದಿಗೆ ಸಿಕ್ಕಿಬಿದ್ದವರನ್ನು ಮಾತ್ರ ಒಯ್ಯುತ್ತಾರೆ. ಮೊನ್ನೆ ನಮ್ಮ ಬೀದಿಯಿಂದ ಒಯ್ದ ಸಂಜೀವಣ್ಣ ಇನ್ನೂ ಬಂದಿಲ್ಲ.

ನನ್ನ ಅಕ್ಕ ಲೀಲಾವತಿಗೆ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಬೇಕೇ ಬೇಕು. ತಪಾಸಣೆಯ ಜೀಪಿನ ಸದ್ದು ಕೇಳಿದೊಡನೆ ಆ ವಾಸನೆ ಮುಚ್ಚಲು ನಾನು ಕೆಂಡದ ಮೇಲೆ ಒಣಮೀನು ಸುಡುತ್ತೇನೆ. ಇವತ್ತು ಜೀಪು ಬಂದಾಗ ಮೀನಿನ ಡಬ್ಬಿ ಖಾಲಿಯಾಗಿತ್ತು.

ತಪಾಸಣೆಯವನು ಸರಕಾರಿ ಗಾಂಜಾ ಸೇದುತ್ತಲೇ ಒಳಗೆ ಬಂದು, ವಾಸನೆ ಹಿಡಿಯುವ ಯಂತ್ರವನ್ನು ಅಕ್ಕನ ಮುಖದತ್ತ ಹಿಡಿದ.

"ಇವರು ಮಾತಾಡುದಿಲ್ವಾ?"

"ಹಲ್ಲುನೋವು," ಎಂದೆ. ಅಕ್ಕನ ದವಡೆಯಲ್ಲಿ ಇನ್ನೂ ಹೊಗೆಸೊಪ್ಪಿತ್ತು.

ಅಷ್ಟರಲ್ಲಿ ಕಿಟಕಿಯಿಂದ ಒಣಮೀನಿನ ದಟ್ಟ ಹೊಗೆ ನುಗ್ಗಿತು. ಯಂತ್ರ ಒಮ್ಮೆ ಅರಚಿ ಸುಮ್ಮನಾಯಿತು.

"ಎಂತ ಮಾರಾಯ್ರೇ, ಈ ಬೀದಿಯವರಿಗೆ ಬೇರೆ ಊಟವೇ ಇಲ್ವಾ? ನಾಳೆ ಪುನಃ ಬರ್ತೇನೆ."

ಅವನು ಹೋದ ಮೇಲೆ ಹಿತ್ತಿಲಿಗೆ ಬಂದೆ. ಗೋಡೆಯಾಚೆ ಭಟ್ಟರ ಮನೆಯ ಪದ್ಮಿನಿಯಮ್ಮ ನಿಂತಿದ್ದರು. ನಮ್ಮ ಮನೆಯ ಮೀನಿನ ವಾಸನೆಗೆ ಸದಾ ಕಿಟಕಿ ಮುಚ್ಚಿಕೊಳ್ಳುವವರು. ಒಣಮೀನು ಯಾವಾಗ ತರಿಸಿಟ್ಟಿದ್ದರೋ. ಹೊಗೆಗೆ ಅವರ ಕಣ್ಣು ಕೆಂಪಾಗಿತ್ತು. ಗಂಜಿಯ ಬಟ್ಟಲನ್ನೂ ಸುಟ್ಟ ಮೀನನ್ನೂ ಗೋಡೆಯ ಮೇಲಿಂದ ನನ್ನ ಕೈಗೆ ಕೊಟ್ಟರು.